ಪರದೇಶದಲ್ಲಿ ಬಾಣಂತನ

ಚೊಚ್ಚಲ ಹೆರಿಗೆಯು ತವರುಮನೆಯಲ್ಲಿ ಆಗತಕ್ಕದ್ದೆಂಬುದು ನಮ್ಮ ಕನ್ನಡ ನಾಡಿನ ಹಳೆಯ ವಾಡಿಕೆ. ಕುಬಸದ ಸಂಭ್ರಮವು ಮುಗಿಯುತ್ತಲೇ ತವರಿನವರು ಬಂದು ಮಗಳನ್ನು ಕರೆದುಕೊಂಡು ಹೋಗುವರು. ಮುಂದೆ ಕೆಲವು ತಿಂಗಳುಗಳವರೆಗೆ ಆಕೆಗೆ ಮನೆಗೆಲಸದ ಚಿಂತೆಯಿಲ್ಲ; ಬೆಚ್ಚನೆಯ ಕೋಣೆ, ಎಣ್ಣೆನೀರು, ಪಥ್ಯದ ಊಟ, ಮಗುವನ್ನು ಎತ್ತಿಕೊಳ್ಳಲು ಹತ್ತು ಕೈಗಳು. ಈ ಏರ್ಪಾಡನ್ನು ಯಾವ ಸರಕಾರವೂ ಶಾಸನದಿಂದ ಮಾಡಿದ್ದಲ್ಲ. ತಾಯಂದಿರೂ ಅಜ್ಜಿಯರೂ ತಲೆತಲಾಂತರದಿಂದ ನಡೆಯಿಸಿಕೊಂಡು ಬಂದದ್ದು. ಅದು ಕೈಯಳತೆಯಲ್ಲಿರುವಾಗ ಅದರ ಬೆಲೆ ಯಾರಿಗೂ ತಿಳಿಯದು. ನೆಂಟರಿಲ್ಲದ, ಭಾಷೆ ಬಾರದ, ಬಿಸಿಲು ಕಾಣದ ಊರಿನಲ್ಲಿ ಮಗುವನ್ನು ಹೆತ್ತು ಸಾಕುವ ಸಂದರ್ಭವು ಒದಗಿದಾಗ ಮಾತ್ರ ಚೆನ್ನಾಗಿ ತಿಳಿಯುವುದು.

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಪರದೇಶವಾಸದ ಅನುಭವವನ್ನು ಕುರಿತು ಏನಾದರೂ ಬರೆದುಕೊಡಬೇಕೆಂದು ಸಂಪಾದಕ ವರ್ಗದವರು ಕೇಳಿದಾಗ, ಅರಮನೆಗಳನ್ನೂ ಚಿತ್ರಶಾಲೆಗಳನ್ನೂ ವರ್ಣಿಸಿ ಬರೆಯಬಲ್ಲವರು ಅನೇಕರಿರುವರು, ನಾವು ನಮ್ಮ ಮನೆಯೊಳಗಿನ ಸಂಗತಿಯನ್ನೇ ಬರೆಯೋಣವೆಂದು ತೋರಿತು. ಈ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಇಂದು ಸಮುದ್ರದಾಚೆಗೆ ಸಂಸಾರ ಹೂಡಿರುವರು. ಈಗ ಓದುತ್ತಿರುವವರಲ್ಲಿಯೂ ಕೆಲವರು ಮುಂದೆ ಹೋಗುವರು. ಅಂಥವರಿಗೆ ಈ ನಾಲ್ಕು ಮಾತುಗಳು ಉಪಯೋಗಕ್ಕೆ ಬಂದರೂ ಬರಬಹುದು.

ನಾವು ಧಾರವಾಡವನ್ನು ಬಿಟ್ಟು ನೆದರ್ಲೆಂಡ್ಸ್ ದೇಶದ ಡೆಲ್ಫ್ಟ್ ಎಂಬ ಪಟ್ಟಣಕ್ಕೆ ಬಂದುದು 2019ನೆಯ ಇಸವಿಯಲ್ಲಿ. ಇದು ಹೇಗ್ ನಗರಕ್ಕೂ ರಾಟರ್‌ಡ್ಯಾಮ್ ನಗರಕ್ಕೂ ನಡುವೆ ಇರುವ ಹಳೆಯ ಊರು. ಬೀದಿಗಳ ಮಗ್ಗುಲಲ್ಲಿ ಕಾಲುವೆಗಳು ಹರಿಯುವುವು. ಅವುಗಳ ಮೇಲೆ ಗೇಣುದ್ದದ ಸೇತುವೆಗಳು. ಸೇತುವೆಗಳ ಕಂಬಿಗಳಿಗೆ ಒರಗಿಸಿದ ಲೆಕ್ಕವಿಲ್ಲದಷ್ಟು ಸೈಕಲ್ಲುಗಳು. ಮನೆಗಳು ಕಿರಿದಾಗಿಯೂ ಎತ್ತರವಾಗಿಯೂ ಇರುವುವು. ಒಳಗಿನ ಮೆಟ್ಟಿಲುಗಳೋ ಅಟ್ಟದ ಏಣಿಯಂತೆ ಕಡಿದಾದವು. ಮಂಚ ಬೀರುಗಳನ್ನು ಅವುಗಳ ಮೂಲಕ ಒಯ್ಯಲಾಗದೆಂದು ಹಳೆಯ ಮನೆಗಳ ಮಾಳಿಗೆಯ ನೆತ್ತಿಯಲ್ಲಿ ಕೊಕ್ಕೆಯೊಂದನ್ನು ಇಟ್ಟು, ಹಗ್ಗದಿಂದ ಎಳೆದು ಕಿಟಕಿಯೊಳಗಿಂದ ಸೇರಿಸುವರು. ಇಂಥ ಮನೆಯೊಂದರ ಎರಡನೆಯ ಅಂತಸ್ತಿನಲ್ಲಿ ನಮ್ಮ ವಾಸ. 2023ನೆಯ ನವೆಂಬರ್ ತಿಂಗಳಿನ ಒಂದು ಮಂಗಳವಾರ, ಬೆಳಗಿನ ಜಾವದಲ್ಲಿ, ನಮಗೆ ಹೆಣ್ಣು ಮಗುವಾಯಿತು.

ಹೆರಿಗೆಗೆ ಮೂರು ವಾರ ಮೊದಲೇ ನಮ್ಮ ತಾಯಿಯವರು ಬಂದು ಸೇರುವುದೆಂದು ನಿಶ್ಚಯವಾಗಿತ್ತು. ಅಂಟಿನ ಉಂಡೆಗೆ ಬೇಕಾದ ಅಂಟು, ಒಣಕೊಬ್ಬರಿ, ಅಳ್ವಿಬೀಜ, ಬಾಣಂತಿ ಖಾರ, ಹಳೆಯ ಮೆತ್ತನೆಯ ಸೀರೆಗಳನ್ನು ಹರಿದು ಮಾಡಿದ ದುಪ್ಪಟಿಗಳು, ಇವೆಲ್ಲವೂ ಪೆಟ್ಟಿಗೆ ಸೇರಿದ್ದುವು. ಅಷ್ಟರಲ್ಲಿ ಅವರು ಹಿತ್ತಲಿನಲ್ಲಿ ಕಾಲುಜಾರಿ ಬಿದ್ದು ಬಲಗೈಯ ಮಣಿಕಟ್ಟನ್ನು ಮುರಿದುಕೊಂಡರು. ನಮ್ಮ ಅತ್ತೆಯವರು ಮೊದಲೇ ಮೊಣಕಾಲಿನ ನೋವಿನಿಂದ ನರಳುತ್ತಿದ್ದವರು. ಅವರನ್ನು ಅಷ್ಟು ದೂರ ಬರಮಾಡಿಕೊಳ್ಳುವಂತಿರಲಿಲ್ಲ. ಹೀಗೆ, ಎಳೆಯ ಕೂಸಿಗೆ ಒಂದು ದಿನವಾದರೂ ನೀರೆರೆದು ಅರಿಯದ ನಾವಿಬ್ಬರೇ ಉಳಿದೆವು. ಆ ರಾತ್ರಿ ನಮ್ಮಿಬ್ಬರಲ್ಲಿ ಒಬ್ಬರಿಗೂ ನಿದ್ರೆ ಬರಲಿಲ್ಲ.

ಆದರೆ ಈ ದೇಶದಲ್ಲಿ ಬೇರೊಂದು ಏರ್ಪಾಡುಂಟು. ಅದಕ್ಕೆ ಇಲ್ಲಿಯ ಭಾಷೆಯಲ್ಲಿ 'ಕ್ರಾಮ್‌ಝೋರ್ಗ್' ಎಂದು ಹೆಸರು; ನಮ್ಮ ಮಾತಿನಲ್ಲಿ ಹೇಳುವುದಾದರೆ ಬಾಣಂತನವೆಂದೇ ಹೇಳಬೇಕು. ಹೆರಿಗೆಯಾದ ದಿನದಿಂದ ಮೊದಲುಗೊಂಡು ಎಂಟು ದಿವಸಗಳ ಪರ್ಯಂತ, ಅದಕ್ಕಾಗಿಯೇ ಶಿಕ್ಷಣ ಹೊಂದಿದ ದಾದಿಯು ಬಾಣಂತಿಯ ಮನೆಗೆ ದಿನವೂ ಬಂದು, ತಾಯಿಯನ್ನೂ ಮಗುವನ್ನೂ ನೋಡಿಕೊಳ್ಳುವಳು. ಗಂಟೆಗಳ ಸಂಖ್ಯೆಯನ್ನು ಆಯಾ ಮನೆಯ ಅವಶ್ಯಕತೆಯನ್ನು ನೋಡಿ ಗೊತ್ತುಮಾಡುವರು. ನಮ್ಮ ಪಾಲಿಗೆ 49 ಗಂಟೆಗಳು ಬಂದುವು. ಇದರ ವೆಚ್ಚದ ಬಹುಭಾಗವು ಪ್ರತಿಯೊಬ್ಬರೂ ಕಡ್ಡಾಯವಾಗಿ ಹೊಂದಿರಬೇಕಾದ ಆರೋಗ್ಯವಿಮೆಯಿಂದ ಸಲ್ಲುವುದು. ಗಂಟೆಗಿಷ್ಟೆಂದು ಅಲ್ಪ ಮೊತ್ತವನ್ನು ಮಾತ್ರ ಮನೆಯವರು ಕೊಡಬೇಕು. ಈಚಿನ ವರ್ಷಗಳಲ್ಲಿ ದಾದಿಯರ ಕೊರತೆ ಉಂಟಾಗಿರುವ ಕಾರಣ, ಗರ್ಭಿಣಿಯಾದ ಮೊದಲ ತಿಂಗಳುಗಳಲ್ಲಿಯೇ ಹೆಸರನ್ನು ಬರೆಯಿಸುವುದು ಲೇಸು.

ಹೆರಿಗೆಗೆ ಕೆಲವು ವಾರ ಮುಂಚೆ ವಿಮೆಯವರಿಂದ ದೊಡ್ಡದೊಂದು ಪೆಟ್ಟಿಗೆ ಬಂದಿತು. ಅದರಲ್ಲಿ ಹಾಸಿಗೆಗೆ ಹಾಸುವ ಪದರಗಳು, ಶುಭ್ರವಾದ ಜಾಳಿಗೆ ಬಟ್ಟೆ, ಹತ್ತಿ, ಹೊಕ್ಕುಳಬಳ್ಳಿಗೆ ಹಾಕುವ ಚಿಮುಟ, ಇವೇ ಮೊದಲಾದ ಸಾಮಗ್ರಿಗಳಿದ್ದುವು. ಇನ್ನೊಂದು ನಿಯಮವನ್ನು ಕೇಳಿ ನಾವು ಮೊದಲು ನಕ್ಕೆವು. ಬಾಣಂತಿಯ ಮಂಚವು ನೆಲದಿಂದ 80 ಸೆಂಟಿಮೀಟರ್ ಎತ್ತರವಿರಬೇಕು. ಇಲ್ಲದಿದ್ದರೆ ಮಂಚದ ಕಾಲುಗಳ ಕೆಳಗೆ ಗಟ್ಟಿಯಾದ ಅಡ್ಡೆಗಳನ್ನು ಇಟ್ಟು ಎತ್ತರಿಸಬೇಕು! ದಿನವೆಲ್ಲ ಬಗ್ಗಿ ಬಗ್ಗಿ ಕೆಲಸ ಮಾಡುವ ದಾದಿಯ ಬೆನ್ನು ಮುರಿಯಬಾರದೆಂಬುದೇ ಇದರ ಕಾರಣ. ಯೋಚಿಸಿದಂತೆಲ್ಲ ನಮ್ಮ ನಗೆ ಅಡಗಿತು. ನಮ್ಮ ಮನೆಗಳಲ್ಲಿ ಮೂರು ಮೂರು ಬಾಣಂತನಗಳನ್ನು ಮಾಡಿದ ತಾಯಂದಿರ ಬೆನ್ನನ್ನು ಕುರಿತು ನಾವು ಎಂದಾದರೂ ವಿಚಾರಿಸಿದ್ದುಂಟೆ?

ಇಲ್ಲಿ ಹೆರಿಗೆಯ ಮುಖ್ಯ ಹೊಣೆ ವೈದ್ಯರದಲ್ಲ, ಸೂಲಗಿತ್ತಿಯದು. ಸೂಲಗಿತ್ತಿಯೆಂದರೆ ನಾಲ್ಕು ವರ್ಷ ವ್ಯಾಸಂಗ ಮಾಡಿ ಪದವಿಯನ್ನು ಪಡೆದವಳು. ತೊಡಕೇನೂ ಇಲ್ಲದಿದ್ದಲ್ಲಿ ಆಕೆಯೇ ಎಲ್ಲವನ್ನೂ ನೋಡಿಕೊಳ್ಳುವಳು. ಇಂದಿಗೂ ಕೆಲವು ತಾಯಂದಿರು ಮನೆಯಲ್ಲಿಯೇ ಹೆರುವರು. ನಮ್ಮ ನಾಡಿನಲ್ಲಿ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಒಂದು ಕಾಸೂ ಮುಟ್ಟದೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದುದು ವಾಚಕರ ನೆನಪಿನಲ್ಲಿರಬಹುದು. ಅಂಥವರ ಕೈಚಳಕಕ್ಕೆ ಇಲ್ಲಿ ಶಾಸ್ತ್ರೀಯವಾದ ವಿದ್ಯೆಯ ಬಲವೂ ಸಂಬಳದ ಗೌರವವೂ ಸೇರಿವೆ. ನಾವು ಆಸ್ಪತ್ರೆಯನ್ನೇ ಆರಿಸಿಕೊಂಡಿದ್ದೆವು. ಮಗುವು ನಸುಕಿನಲ್ಲಿ ಹುಟ್ಟಿತು. ಮಧ್ಯಾಹ್ನದೊಳಗಾಗಿ ನಮ್ಮನ್ನು ಮನೆಗೆ ಕಳುಹಿಸಿಬಿಟ್ಟರು. ಈ ಸುದ್ದಿಯನ್ನು ಫೋನಿನಲ್ಲಿ ಕೇಳಿದ ನಮ್ಮ ತಾಯಿಯವರು, "ಹಸಿ ಬಾಣಂತಿಯನ್ನು ಅದೇ ದಿನ ಹೊರಗೆ ಹಾಕುವುದೆಂದರೇನು!" ಎಂದು ಗಾಬರಿಯಾದರು.

ಮೆಟ್ಟಿಲನ್ನು ಹತ್ತಿ ಒಳಗೆ ಬಂದು ಕುಳಿತ ಅರ್ಧ ಗಂಟೆಯೊಳಗೆ ದಾದಿಯು ಬಾಗಿಲನ್ನು ತಟ್ಟಿದಳು. ಆಕೆಗೆ ಐವತ್ತೈದು ದಾಟಿರಬಹುದು. ಮಳೆಯಲ್ಲಿ ಸೈಕಲ್ಲನ್ನು ತುಳಿದುಕೊಂಡು ಬಂದಿದ್ದಳು. ಒದ್ದೆಯಾದ ಮೇಲಂಗಿಯನ್ನು ಕಳಚಿ, ಕೈಗಳನ್ನು ಮೊಳಕೈವರೆಗೆ ತಿಕ್ಕಿ ತೊಳೆದುಕೊಂಡು, ಮಗುವಿನ ಹತ್ತಿರ ಬಂದು, ದೊಡ್ಡವರನ್ನು ಮಾತನಾಡಿಸುವಂತೆಯೇ ಅದನ್ನು ಮಾತನಾಡಿಸಿದಳು. ತನ್ನನ್ನು ಹೆಸರು ಹಿಡಿದೇ ಕರೆಯಬೇಕೆಂದು ನಮಗೆ ಹೇಳಿದಳು. ಹಿರಿಯಳನ್ನು ಹೆಸರು ಹಿಡಿದು ಕರೆಯಲು ನಮಗೆ ನಾಲಿಗೆ ಏಳಲಿಲ್ಲ. 'ಅಕ್ಕ' ಎಂಬ ಶಬ್ದದ ಅರ್ಥವನ್ನು ತಿಳಿಸಿ ಹಾಗೆಯೇ ಕರೆಯಲು ಅಪ್ಪಣೆಯನ್ನು ಬೇಡಿದೆವು. ಆಕೆ ಬಹಳ ಸಂತೋಷಪಟ್ಟು, ಎರಡನೆಯ ದಿನದಿಂದ ಬಾಗಿಲ ಕರೆಗಂಟೆಯ ಬದಿಯಲ್ಲಿ ನಿಂತು "ಅಕ್ಕ ಬಂದಿದ್ದಾಳೆ" ಎಂದು ತನ್ನ ಉಚ್ಚಾರದಲ್ಲಿ ಕೂಗತೊಡಗಿದಳು.

ಹೀಗೆ ನಮಗೆ ಇಬ್ಬರು ಗುರುಗಳಾದರು. ಒಬ್ಬರು ಮನೆಯಲ್ಲಿ, ಒಬ್ಬರು ಫೋನಿನಲ್ಲಿ. ಧಾರವಾಡದ ಗಡಿಯಾರವು ಚಳಿಗಾಲದಲ್ಲಿ ಇಲ್ಲಿಗಿಂತ ನಾಲ್ಕೂವರೆ ಗಂಟೆ ಮುಂದಿರುವುದರಿಂದ ನಮ್ಮ ತಾಯಿಯವರು ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಇಲ್ಲಿ ಮಧ್ಯಾಹ್ನ. ಆ ಹೊತ್ತಿಗೆ ತಪ್ಪದೆ ಅವರ ಮುಖವು ಫೋನಿನಲ್ಲಿ ಮೂಡುವುದು. ಮುರಿದ ಕೈ ಕೊರಳಿನ ಪಟ್ಟಿಯಲ್ಲಿ ತೂಗುತ್ತಿರುವುದು. ಅವರ ಪ್ರಶ್ನೆಗಳನ್ನು ನಾವು ಅಕ್ಕನಿಗೂ, ಅಕ್ಕನ ಉತ್ತರಗಳನ್ನು ಅವರಿಗೂ ಮುಟ್ಟಿಸುವೆವು. ಅವರಿಬ್ಬರ ನಡುವೆ ಎಷ್ಟು ವಿಷಯಗಳಲ್ಲಿ ಒಮ್ಮತವಿತ್ತೆಂಬುದನ್ನು ಕಂಡು ನಮಗೆ ಆಶ್ಚರ್ಯವಾಯಿತು. ತಾಯಿಯು ಹಾಸಿಗೆ ಬಿಟ್ಟು ಏಳಬಾರದೆಂದು ಇವರು ಹೇಳಿದರೆ ಅವಳೂ ಅದನ್ನೇ ಹೇಳುವಳು. ಮಗುವಿಗೆ ಎಣ್ಣೆ ಸವರುವುದನ್ನು ಅಕ್ಕನು ಮೆಚ್ಚಿದಳು. ನೀರಿನ ಬಿಸಿಯನ್ನು 37 ಡಿಗ್ರಿಗೆ ಸರಿಯಾಗಿ ಅಳೆದ ಮೇಲೂ ಆಕೆ ಒಮ್ಮೆ ಮೊಳಕೈಯನ್ನು ಅದ್ದಿ ನೋಡುವಳು. ನಮ್ಮ ತಾಯಿಯವರು ಅದನ್ನು ಕಂಡು, "ಹಾಗಾದರೆ ಆಕೆಗೆ ಕೆಲಸ ಬರುತ್ತದೆ" ಎಂದು ನೆಮ್ಮದಿಗೊಂಡರು. ವಿಶ್ರಾಂತಿ, ಶುಚಿತ್ವ, ನಿಯಮ ಎಂಬ ಅರ್ಥದ, 'ರ'ಕಾರದಿಂದ ಮೊದಲಾಗುವ ಮೂರು ಮಾತುಗಳನ್ನು ಇಲ್ಲಿಯವರು ಶಿಶುಪಾಲನೆಯ ಮೂಲಮಂತ್ರವಾಗಿ ಹೇಳುವರು. ನಮ್ಮ ಅಜ್ಜಿಯರಿಗೂ ಇದರಲ್ಲಿ ಹೊಸತೇನೂ ಕಾಣುತ್ತಿರಲಿಲ್ಲ.

ಒಮ್ಮತವಿಲ್ಲದ ವಿಷಯಗಳೂ ಇದ್ದುವು. ನೀರೆರೆದ ಮೇಲೆ ಲೋಬಾನದ ಹೊಗೆಯನ್ನು ಹಿಡಿಯಬೇಕೆಂದು ತಾಯಿಯವರು ಹೇಳಿದರು. ಈ ದೇಶದಲ್ಲಿ 2022ನೆಯ ಜುಲೈ 1ರಿಂದ ಪ್ರತಿ ಮನೆಯ ಪ್ರತಿ ಅಂತಸ್ತಿನಲ್ಲಿಯೂ ಹೊಗೆಯನ್ನು ಕಂಡೊಡನೆ ಕೂಗುವ ಯಂತ್ರವು ಇರಲೇಬೇಕೆಂದು ಕಾಯಿದೆಯಾಗಿದೆ. ನಾವು ಒಗ್ಗರಣೆ ಹಾಕಿದಾಗಲೇ ಅದು ಬೀದಿ ಕೇಳುವಂತೆ ಅರಚುವುದು. ಅಲ್ಲದೆ, ಎಳೆಯ ಶ್ವಾಸಕೋಶಕ್ಕೆ ಯಾವ ಹೊಗೆಯೂ ಒಳಿತಲ್ಲವೆಂದು ಅಕ್ಕನ ಅಭಿಪ್ರಾಯ. ಕಾಡಿಗೆಯಲ್ಲಿ ಸೀಸವು ಬೆರೆತಿರುವ ಸಂಭವವುಂಟೆಂದು ಅದನ್ನೂ ಬೇಡವೆಂದಳು. ಬಜೆಯನ್ನು ತೇಯ್ದು ನೆಕ್ಕಿಸುವ ಮಾತು ಬಂದಾಗ, ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲಲ್ಲದೆ ಬೇರೇನನ್ನೂ ಕೊಡಕೂಡದೆಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತನ್ನು ಆಕೆ ನೆನಪಿಗೆ ತಂದಳು. ತಾಯಿಯವರು ಸುಮ್ಮನೆ ಒಪ್ಪುವವರಲ್ಲ. ಧಾರವಾಡದಲ್ಲಿ ತಮ್ಮ ಪರಿಚಯದ ಮಕ್ಕಳ ವೈದ್ಯರನ್ನು ಹೋಗಿ ಕೇಳಿದರು. ಅವರೂ ಅದನ್ನೇ ಹೇಳಿದುದರಿಂದ ಮುಂದೆ ಆ ಮಾತನ್ನು ಎತ್ತಲಿಲ್ಲ.

ಬಹಳ ಚರ್ಚೆಯಾದುದು ಮಗುವನ್ನು ಮಲಗಿಸುವ ರೀತಿಯನ್ನು ಕುರಿತು. ತಲೆ ಗುಂಡಗಾಗಲೆಂದು ಸಾಸಿವೆಯ ದಿಂಬನ್ನು ಇಡಬೇಕೆಂದು ಇವರು. ದಿಂಬು ಕೂಡದು, ಬರಿಯ ಹಾಸಿಗೆಯ ಮೇಲೆ ಬೆನ್ನಿನ ಮೇಲೆಯೇ ಮಲಗಿಸಬೇಕೆಂದು ಅಕ್ಕ. ಹೊದಿಕೆಯನ್ನು ಎದೆಯಿಂದ ಮೇಲಕ್ಕೆ ಸರಿಯದಂತೆ ಬಿಗಿಯಾಗಿ ಮಡಿಸಿ, ಮಗುವಿನ ಪಾದಗಳು ತೊಟ್ಟಿಲಿನ ಕೆಳತುದಿಗೆ ತಾಗುವಂತೆ ಮಲಗಿಸುತ್ತಿದ್ದಳು. ಚಳಿಗೆಂದು ಲೋಹದ ಬಿಸಿನೀರಿನ ಬುದ್ದಲಿಗೆ ಉಣ್ಣೆಯ ಚೀಲವನ್ನು ತೊಡಿಸಿ, ಮಗುವಿನಿಂದ ಒಂದು ಅಂಗೈಯಗಲ ದೂರದಲ್ಲಿ ಇಡುವಳು. ಈ ಕಟ್ಟುನಿಟ್ಟಿಗೆ ದುಃಖದ ಹಿನ್ನೆಲೆಯೊಂದುಂಟು. 1970ರ ನಂತರದ ವರ್ಷಗಳಲ್ಲಿ ಮಕ್ಕಳನ್ನು ಕವುಚಿ ಮಲಗಿಸುವುದು ಲೇಸೆಂಬ ಉಪದೇಶವು ಈ ದೇಶದಲ್ಲಿ ಹಬ್ಬಿತು. ಅದರೊಡನೆಯೇ ತೊಟ್ಟಿಲಿನಲ್ಲಿ ಮಲಗಿದ ಶಿಶುಗಳು ಕಾರಣ ತಿಳಿಯದೆ ಸಾಯುವುದು ಹೆಚ್ಚಿತು. ಡಿ ಯೋಂಗ ಎಂಬ ವೈದ್ಯರು ಲೆಕ್ಕಗಳನ್ನು ಕೂಡಿಹಾಕಿ, 1987ರಲ್ಲಿ ಈ ಪದ್ಧತಿಯನ್ನು ಬಿಡಬೇಕೆಂದು ಸಾರಿದರು. ಜನರು ಕೇಳಿದರು, ಸಾವುಗಳು ಬೇಗನೆ ಇಳಿದುವು. ಈ ವೃತ್ತಾಂತವನ್ನು ಕೇಳಿದ ಮೇಲೆ ನಮ್ಮ ತಾಯಿಯವರು, "ನಾವು ಎಂದೂ ಕವುಚಿ ಮಲಗಿಸಿದವರಲ್ಲ" ಎಂದು ಹೆಮ್ಮೆಯಿಂದ ಹೇಳಿ, ಸಾಸಿವೆಯ ದಿಂಬನ್ನು ಕೈಬಿಟ್ಟರು.

ಊಟದ ಹೊಣೆ ನಮ್ಮ ಯಜಮಾನರದಾಯಿತು. ಮಗು ಹುಟ್ಟಿದಾಗ ತಂದೆಗೂ ರಜೆ ಕೊಡಬೇಕೆಂದು ಇಲ್ಲಿ ಕಾಯಿದೆಯಿದೆ. 2019ಕ್ಕೆ ಮೊದಲು ಅದು ಎರಡೇ ದಿನಗಳದಾಗಿತ್ತು. ಆ ವರ್ಷದಿಂದ ಪೂರ್ಣ ವೇತನದ ಒಂದು ವಾರವಾಯಿತು. 2020ನೆಯ ಜುಲೈ ತಿಂಗಳಿನಿಂದ ಅದರ ಮೇಲೆ ನೂರಕ್ಕೆ ಎಪ್ಪತ್ತರ ವೇತನದ ಐದು ವಾರಗಳು ಸೇರಿದುವು. ತಾಯಿಗಾದರೋ ಹೆರಿಗೆಯ ಹಿಂದು ಮುಂದು ಸೇರಿ ಕನಿಷ್ಠ ಹದಿನಾರು ವಾರ. ಅಡಿಗೆಯ ಮನೆಯಲ್ಲಿ ಫೋನನ್ನು ಸಕ್ಕರೆಯ ಡಬ್ಬಿಗೆ ಒರಗಿಸಿಕೊಂಡು, ಅತ್ತೆಯವರ ಬಾಯಿಮಾತಿನಂತೆ ಮೆಣಸು ಜೀರಿಗೆಯ ಸಾರನ್ನೂ ಬೆಳ್ಳುಳ್ಳಿಯ ಚಟ್ನಿಯನ್ನೂ ಅವರು ಮಾಡುತ್ತಿದ್ದರು. ಅಂಟು ಇಲ್ಲಿ ಸಿಕ್ಕಲಿಲ್ಲ. ಹೇಗ್ ನಗರದ ಅಂಗಡಿಯೊಂದರಲ್ಲಿ ಅಳ್ವಿಬೀಜ ಸಿಕ್ಕಿತು. ಆ ಪಾಯಸದ ರುಚಿಯನ್ನು ನೋಡಿ ಅಕ್ಕನು ಎರಡನೆಯ ಬಟ್ಟಲನ್ನು ಕೇಳಿ ಹಾಕಿಸಿಕೊಂಡಳು. ಮಾವನ ಮನೆಯಲ್ಲಿ ಎಂದೂ ಒಲೆಯ ಬಳಿಗೆ ಹೋಗದ ಅಳಿಯನು ಹುಳಿಯ ಹದವನ್ನು ಕೇಳಿ ಮಾಡುವುದನ್ನು ಕಂಡು, ತಾಯಿಯವರಿಗೆ ಮುರಿದ ಕೈಯ ನೋವೇ ಮರೆತಂತಾಗುತ್ತಿತ್ತು.

ಹೆಸರಿನ ವಿಷಯದಲ್ಲಿ ಮಾತ್ರ ಅವಸರವುಂಟಾಯಿತು. ನಮ್ಮಲ್ಲಿ ಹನ್ನೆರಡನೆಯದೋ ಹದಿಮೂರನೆಯದೋ ದಿನ ತೊಟ್ಟಿಲಿಗೆ ಹಾಕಿ, ಸೋದರತ್ತೆಯು ಕಿವಿಯಲ್ಲಿ ಹೇಳಿದ ಮೇಲೆಯೇ ಕೂಸಿಗೆ ಹೆಸರು. ಇಲ್ಲಿ ಹುಟ್ಟಿದ ಮೂರು ದಿನಗಳೊಳಗಾಗಿ ಪುರಸಭೆಯಲ್ಲಿ ಹೆಸರು ಸಹಿತವಾಗಿ ಬರೆಯಿಸಬೇಕು. ಹಿರಿಯರೆಲ್ಲರ ಸಲಹೆಗಳು ಬಂದು ಸೇರುವಷ್ಟರಲ್ಲಿ ಶುಕ್ರವಾರ ಬಂದಿತು. ಕೊನೆಗೆ ತಂದೆಯ ತಾಯಿಯ ಹೆಸರನ್ನೇ ಮೊಮ್ಮಗಳಿಗೆ ಇಡುವುದೆಂದು ಗುರುವಾರ ರಾತ್ರಿ ನಿಶ್ಚಯಿಸಿ, ಮರುದಿನ ನಮ್ಮ ಯಜಮಾನರು ಹೋಗಿ ಬರೆಯಿಸಿದರು. ಆದರೂ ಹದಿಮೂರನೆಯ ದಿನದವರೆಗೆ ಮನೆಯಲ್ಲಿ ಯಾರೂ ಆ ಹೆಸರಿನಿಂದ ಕರೆಯಲಿಲ್ಲ. 'ಕೂಸು' ಎಂದೇ ಕರೆದೆವು. ಆ ದಿನ ಹುಬ್ಬಳ್ಳಿಯಿಂದ ಸೋದರತ್ತೆಯು ಫೋನಿನಲ್ಲಿ ಪಿಸುಗುಟ್ಟಿದಳು. ನಾವು ಫೋನನ್ನು ಮಗುವಿನ ಕಿವಿಯ ಬಳಿ ಹಿಡಿದೆವು. ಸರಕಾರದ ಪುಸ್ತಕದಲ್ಲಿ ಹತ್ತು ದಿನದ ಹಿಂದೆಯೇ ಇದ್ದ ಹೆಸರು ಆ ಹೊತ್ತಿಗೆ ಮಗುವಿನದಾಯಿತು.

ಹೆಸರು ಬರೆಯಿಸಿದ ಮರುದಿನ, ಶನಿವಾರ, ನಮ್ಮ ಪಾಲಿಗೆ ಕಠಿಣವಾದ ದಿನ. ಅಂದು ಮಗುವು ಬಹಳ ಹೊತ್ತು ಮಲಗಿತ್ತು. ಅಳಲಿಲ್ಲ, ಹಾಲಿಗೆ ಹಟ ಮಾಡಲಿಲ್ಲ. ಒಳ್ಳೆಯ ಮಗು, ಕಾಡುವುದಿಲ್ಲ ಎಂದು ನಾವು ಅಂದುಕೊಳ್ಳುತ್ತಿದ್ದೆವು. ಅಕ್ಕನು ಬಂದವಳೇ ತನ್ನ ದಿನಚರಿಯ ಪುಸ್ತಕವನ್ನು ತೆರೆದಳು. ಅದರಲ್ಲಿ ದಿನದಿನದ ತೂಕ, ಮೈಕಾವು, ಎಷ್ಟು ಸಲ ಹಾಲು ಕುಡಿಯಿತು, ಎಷ್ಟು ಬಟ್ಟೆ ಒದ್ದೆಯಾಯಿತು ಎಂಬ ಲೆಕ್ಕವೆಲ್ಲ ಇತ್ತು. ಒದ್ದೆ ಬಟ್ಟೆಗಳು ಕಡಮೆಯಾಗಿದ್ದುವು, ತೂಕವೂ ಇಳಿದಿತ್ತು. ಆಕೆ ಮಗುವನ್ನು ಕಿಟಕಿಯ ಬೆಳಕಿಗೆ ಒಯ್ದು, ರೆಪ್ಪೆಯನ್ನು ಎತ್ತಿ ಕಣ್ಣಿನ ಬಿಳಿಯನ್ನು ನೋಡಿ, ಬೆರಳಿನಿಂದ ಒಸಡನ್ನು ಒತ್ತಿ ನೋಡಿದಳು. ನಗುವುದನ್ನು ನಿಲ್ಲಿಸಿದಳು. ಬಿಳಿಯ ಮಕ್ಕಳಲ್ಲಿ ಕಾಮಾಲೆಯು ದೂರದಿಂದಲೇ ಕಾಣುವುದೆಂದೂ, ನಮ್ಮ ಬಣ್ಣದ ಮಕ್ಕಳಲ್ಲಿ ಚರ್ಮವನ್ನು ನೋಡಿ ತಿಳಿಯುವುದು ಕಷ್ಟವೆಂದೂ, ಅದಕ್ಕಾಗಿ ಕಣ್ಣನ್ನೂ ಒಸಡನ್ನೂ ನೋಡಬೇಕೆಂದೂ ಮೆಲ್ಲಗೆ ಹೇಳಿದಳು. ಸೂಲಗಿತ್ತಿಯು ಬಂದು ಹಿಮ್ಮಡಿಯಿಂದ ರಕ್ತವನ್ನು ತೆಗೆದುಕೊಂಡು ಹೋದಳು. ಸಂಜೆಯೊಳಗೆ, ಕೂಡಲೇ ಆಸ್ಪತ್ರೆಗೆ ಬರಬೇಕೆಂದು ಕರೆ ಬಂದಿತು.

ನವಜಾತ ಶಿಶುಗಳಿಗೆ ಅಲ್ಪಸ್ವಲ್ಪ ಕಾಮಾಲೆಯು ಸಾಮಾನ್ಯ. ಹಳೆಯ ರಕ್ತಕಣಗಳು ಒಡೆದಾಗ ಹುಟ್ಟುವ ಹಳದಿಯ ದ್ರವ್ಯವನ್ನು ಹೊರಹಾಕುವಷ್ಟು ಶಕ್ತಿಯು ಎಳೆಯ ಯಕೃತ್ತಿಗೆ ಇನ್ನೂ ಬಂದಿರುವುದಿಲ್ಲ. ಹೆಚ್ಚಿನ ಮಕ್ಕಳಲ್ಲಿ ಅದು ತಾನಾಗಿಯೇ ಇಳಿಯುವುದು. ಮಿತಿಮೀರಿದರೆ ಮಾತ್ರ ಆ ದ್ರವ್ಯವು ಮಿದುಳನ್ನು ಸೇರಿ, ಕಿವಿಯನ್ನೂ ಬುದ್ಧಿಯನ್ನೂ ಕೆಡಿಸಬಲ್ಲದು. ಆದಕಾರಣ ನೀಲಿಯ ದೀಪದ ಕೆಳಗೆ ಮಗುವನ್ನು ಬರಿಮೈಯಲ್ಲಿ ಮಲಗಿಸುವರು. ಆ ಬೆಳಕು ಚರ್ಮದೊಳಗಿನ ಹಳದಿಯ ದ್ರವ್ಯವನ್ನು ಮಲಮೂತ್ರಗಳ ಮೂಲಕ ಹೊರಗೆ ಹೋಗುವ ರೂಪಕ್ಕೆ ತಿರುಗಿಸುವುದು. ನಮ್ಮ ಮಗುವು ಕಣ್ಣಿಗೆ ಪಟ್ಟಿಯನ್ನು ಕಟ್ಟಿಕೊಂಡು ಎರಡು ರಾತ್ರಿಗಳು ಆ ನೀಲಿಯ ಬೆಳಕಿನಲ್ಲಿ ಮಲಗಿತು. ಹಾಲೂಡುವ ಹೊತ್ತಿಗೆ ಮಾತ್ರ ನಮ್ಮ ಕೈಗೆ ಕೊಡುವರು. ಉಳಿದ ಹೊತ್ತು ಪೆಟ್ಟಿಗೆಯ ಪಕ್ಕದಲ್ಲಿದ್ದ ರಂಧ್ರದಿಂದ ಕೈಯನ್ನು ತೂರಿಸಿ ಅದರ ಪಾದವನ್ನು ಹಿಡಿದುಕೊಂಡು ಕುಳಿತೆವು. ಧಾರವಾಡದಲ್ಲಿ ತಾಯಿಯವರು ಆ ಎರಡು ರಾತ್ರಿಯೂ ಮಲಗಲಿಲ್ಲವೆಂದು ಆಮೇಲೆ ತಿಳಿಯಿತು. ಸೋಮವಾರ ಬೆಳಿಗ್ಗೆ ರಕ್ತದ ಪರೀಕ್ಷೆಯು ಇಳಿಮುಖವನ್ನು ತೋರಿಸಿತು. ಮಗುವು ಹಸಿದು ಕಿರುಚಿ ಅತ್ತಿತು. ಆ ಅಳುವಿಗಿಂತ ಹಿತವಾದ ಧ್ವನಿಯನ್ನು ನಾವು ಅದುವರೆಗೆ ಕೇಳಿರಲಿಲ್ಲ.

ಈ ಚಿಕಿತ್ಸೆಯು ಹುಟ್ಟಿಕೊಂಡ ಕಥೆಯನ್ನು ನಾವು ಆಮೇಲೆ ಓದಿದೆವು. ವಿದ್ಯಾರ್ಥಿನಿಯರು ಇದನ್ನು ತಿಳಿದಿರುವುದು ಒಳ್ಳೆಯದು. 1956ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ವಾರ್ಡ್ ಎಂಬ ಹಿರಿಯ ದಾದಿಯೊಬ್ಬಳಿದ್ದಳು. ಒಳ್ಳೆಯ ಬಿಸಿಲಿದ್ದ ದಿನ ದುರ್ಬಲವಾದ ಶಿಶುಗಳನ್ನು ಅಂಗಳಕ್ಕೆ ಒಯ್ಯುವುದು ಆಕೆಯ ರೂಢಿ. ಹಾಗೆ ಒಯ್ದು ತಂದ ಶಿಶುವೊಂದರ ಮೈಯ ಹಳದಿಯು ಮಾಸಿ, ಬಟ್ಟೆಯು ಮುಚ್ಚಿದ್ದ ಒಂದು ಮೂಲೆಯಲ್ಲಿ ಮಾತ್ರ ಉಳಿದಿರುವುದನ್ನು ಆಕೆ ವೈದ್ಯರಿಗೆ ತೋರಿಸಿದಳು. ಅದೇ ಆಸ್ಪತ್ರೆಯ ಕ್ರೀಮರ್ ಎಂಬ ವೈದ್ಯರೂ ಅವರ ಸಂಗಡಿಗರೂ ಪರೀಕ್ಷೆಗಳನ್ನು ನಡೆಯಿಸಿ 1958ರಲ್ಲಿ ಫಲವನ್ನು ಪ್ರಕಟಿಸಿದರು. ಎಳೆಬಿಸಿಲಿಗೆ ಕೂಸನ್ನು ಹಿಡಿಯುವ ನಮ್ಮ ಅಜ್ಜಿಯರ ಪದ್ಧತಿಯು ಇದರಿಂದ ನೆನಪಾಗದಿರದು. ಆದರೆ ಬಲವಾದ ಕಾಮಾಲೆಗೆ ಮನೆಯ ಬಿಸಿಲು ಸಾಲದು. ರಕ್ತವನ್ನು ಪರೀಕ್ಷಿಸಿಯೇ ತಿಳಿಯಬೇಕು. ಮೊದಲ ವಾರದ ಮಗುವು ಹಾಲಿಗೆ ಏಳದೆ ಮಲಗಿದರೆ ಅದನ್ನು ಸೌಮ್ಯಸ್ವಭಾವವೆಂದು ತಿಳಿಯದೆ, ಕಣ್ಣನ್ನೂ ಒಸಡನ್ನೂ ಬೆಳಕಿನಲ್ಲಿ ನೋಡಿರಿ, ತಡಮಾಡದೆ ವೈದ್ಯರಿಗೆ ತೋರಿಸಿರಿ. ಈ ಲೇಖನದಿಂದ ಸೋದರಿಯರು ಒಂದೇ ಮಾತನ್ನು ನೆನಪಿಡುವುದಾದರೆ ಇದೇ ಆಗಲಿ.

ಆಸ್ಪತ್ರೆಯಿಂದ ಬಂದ ದಿನ ನಮಗೆ ಕಾರಣವಿಲ್ಲದೆ ಅಳು ಬಂದಿತು. ಆಪತ್ತು ಕಳೆದ ಮೇಲೆ ಏತಕ್ಕೆ ಅಳಬೇಕು? ಅಕ್ಕನು ಬಿಸಿ ಹಾಲನ್ನು ತಂದು ಕೈಗಿತ್ತು, ತಮ್ಮ ಭಾಷೆಯಲ್ಲಿ ಇದಕ್ಕೊಂದು ಹೆಸರಿದೆ, 'ಬಾಣಂತಿಯ ಕಣ್ಣೀರು' ಎಂದು ಅದರ ಅರ್ಥ, ಹೆರಿಗೆಯಾದ ಕೆಲವು ದಿನಗಳಲ್ಲಿ ಬರುವುದು, ಹೋಗುವುದು ಎಂದಳು. ಎರಡು ವಾರಕ್ಕೂ ನಿಲ್ಲದೆ ಹೋದರೆ ಮುಚ್ಚಿಡದೆ ಸೂಲಗಿತ್ತಿಗೆ ತಿಳಿಸಬೇಕೆಂದೂ ಹೇಳಿದಳು. ಹೆಸರೇ ಇರುವ ದುಃಖವು ತಮ್ಮೊಬ್ಬರದಲ್ಲವೆಂದು ತಿಳಿದಾಗ ಅರ್ಧ ಭಾರವು ಇಳಿಯುವುದು.

ನೆರೆಯವರು ಮಗುವನ್ನು ನೋಡಲು ಬಂದರು. ಇಲ್ಲಿ ಹೇಳದೆ ಕೇಳದೆ ಯಾರೂ ಬರುವುದಿಲ್ಲ. ದಿನವನ್ನೂ ಗಂಟೆಯನ್ನೂ ಗೊತ್ತುಮಾಡಿಕೊಂಡು ಬಂದು, ಸ್ವಲ್ಪ ಹೊತ್ತು ಕುಳಿತು ಹೋಗುವರು. ಬಾಣಂತಿಗೆ ಇದರಿಂದ ಎಷ್ಟು ಸುಖವೆಂಬುದನ್ನು ನಮ್ಮ ನಾಡಿನ ಬಾಣಂತಿಯರನ್ನೇ ಕೇಳಬೇಕು! ಬಂದವರಿಗೆ ಗುಂಡಗಿನ ಗರಿಗರಿಯಾದ ರೊಟ್ಟಿಯ ಮೇಲೆ ಬೆಣ್ಣೆಯನ್ನು ಸವರಿ, ಸಕ್ಕರೆಯ ಕವಚವಿರುವ ಸೋಂಪಿನ ಕಾಳುಗಳನ್ನು ಉದುರಿಸಿ ಕೊಡುವುದು ಪದ್ಧತಿ. ಕಾಳಿಗೆ ಬಾಲದಂಥ ಚೂಪು ಇರುವುದರಿಂದ ಅವನ್ನು 'ಇಲಿಮರಿಗಳು' ಎಂದು ಕರೆಯುವರು. ಹೆಣ್ಣು ಮಗುವಾದರೆ ಗುಲಾಬಿ ಮತ್ತು ಬಿಳಿ, ಗಂಡಾದರೆ ನೀಲಿ ಮತ್ತು ಬಿಳಿ. ನೀಲಿಯದು 1994ರಿಂದ ಬಂದುದು. ಸೋಂಪಿನಿಂದ ತಾಯಿಗೆ ಹಾಲು ಹೆಚ್ಚುವುದೆಂದು ಇಲ್ಲಿಯವರ ಹಳೆಯ ನಂಬಿಕೆ. ಬಾಣಂತಿಗೆ ಸಬ್ಬಸಿಗೆಯನ್ನು ಕೊಡುವ ನಮ್ಮವರಿಗೆ ಈ ನಂಬಿಕೆಯು ಪರಕೀಯವೆಂದು ತೋರುವುದೆ?

ಅಕ್ಕನ ದಿನಗಳು ಮುಗಿದುವು. ಆಕೆ ಮತ್ತೊಂದು ಮನೆಯ ಮತ್ತೊಂದು ಕೂಸಿನ ಕಡೆಗೆ ಸೈಕಲ್ಲನ್ನು ತಿರುಗಿಸಿದಳು. ಆರು ವಾರ ಕಳೆದ ಮೇಲೆ ನಮ್ಮ ಯಜಮಾನರೂ ಕೆಲಸಕ್ಕೆ ಹೋದರು. ಡಿಸೆಂಬರ್ ಕಡೆಯಲ್ಲಿ ಇಲ್ಲಿ ಎಂಟೂವರೆ ದಾಟಿದ ಮೇಲೆ ಹೊತ್ತು ಮೂಡಿ, ಸಂಜೆ ನಾಲ್ಕೂವರೆಗೆಲ್ಲ ಮುಳುಗುವುದು. ನಡುವಿನ ಹಗಲೂ ಮೋಡ ಮಳೆಗಳದೇ. ಎಳೆಬಿಸಿಲಿ­ಲ್ಲದ ಈ ನಾಡಿನಲ್ಲಿ ಮಕ್ಕಳಿಗೆ ನಾಲ್ಕು ವರ್ಷ ತುಂಬುವ ತನಕ ದಿನಕ್ಕೆ 10 ಮೈಕ್ರೋಗ್ರಾಮ್ 'ಡಿ' ಜೀವಸತ್ವವನ್ನು ಹನಿಯಾಗಿ ಕೊಡುವರು. ವಾರದ ಬೇಸರವನ್ನು ಕಳೆಯಲು ನಮಗಿದ್ದ ಸ್ಥಳವೆಂದರೆ ಶಿಶುಗಳ ತೂಕವನ್ನೂ ಬೆಳವಣಿಗೆಯನ್ನೂ ನೋಡಿ ಲಸಿಕೆ ಹಾಕುವ ಬಡಾವಣೆಯ ಕೇಂದ್ರ. ಅಲ್ಲಿ ಒಂದು ದಿನ, ಮನೆಯಲ್ಲಿ ಮಗುವಿನೊಡನೆ ಯಾವ ಭಾಷೆಯನ್ನು ಆಡಬೇಕೆಂದು ಕೇಳಿದೆವು. ಡಚ್ ಭಾಷೆಯನ್ನು ಆಡಿರಿ ಎಂದು ಹೇಳುವರೆಂದು ನಮ್ಮ ಎಣಿಕೆ. ಅಲ್ಲಿಯ ದಾದಿಯು, "ನಿಮಗೆ ಯಾವ ಭಾಷೆಯಲ್ಲಿ ಹಾಡಲು ಬರುವುದೋ ಅದನ್ನೇ ಆಡಿರಿ, ನಮ್ಮ ಭಾಷೆಯನ್ನು ಬೀದಿಯೂ ಶಾಲೆಯೂ ಕಲಿಸುವುವು" ಎಂದಳು. ಆ ದಿನದಿಂದ ನಮ್ಮ ಮನೆಯಲ್ಲಿ ಜೋಗುಳಗಳು ಗಟ್ಟಿಯಾಗಿ ಕೇಳಿಬಂದುವು.

ಮಗುವು ಹುಟ್ಟಿದ್ದು ಇಲ್ಲಿಯಾದರೂ ಅದರಿಂದಲೇ ಇಲ್ಲಿಯ ಪ್ರಜೆಯಾಗದು. 1955ರ ಭಾರತೀಯ ಪೌರತ್ವದ ಕಾಯಿದೆಯ ಪ್ರಕಾರ, ಜನನವನ್ನು ಒಂದು ವರ್ಷದೊಳಗೆ ನಮ್ಮ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು. ಪರದೇಶದಲ್ಲಿರುವ ಸೋದರಿಯರು ಇದನ್ನು ಮರೆಯಬಾರದು. ಅದಕ್ಕಾಗಿ ಹೇಗ್ ನಗರಕ್ಕೆ ಹೋದೆವು. ಕಣ್ಣು ತೆರೆದು ಬಾಯಿ ಮುಚ್ಚಿ ನೆಟ್ಟಗೆ ನೋಡುವ ಭಾವಚಿತ್ರವೊಂದು ಬೇಕೆಂದಾಗ, ಎಂಟು ವಾರದ ಕೂಸಿಗೆ ಈ ಮೂರನ್ನೂ ಒಟ್ಟಿಗೆ ಮಾಡಿಸುವುದರಲ್ಲಿ ಒಂದು ಮಧ್ಯಾಹ್ನವೇ ಕಳೆಯಿತು.

2024ರ ಫೆಬ್ರವರಿಯಲ್ಲಿ ನಮ್ಮ ತಾಯಿಯವರು ಬಂದರು. ಮೊಮ್ಮಗಳು ಮೂರು ತಿಂಗಳಿನವಳಾಗಿದ್ದಳು. ದಿನವೂ ಫೋನಿನಲ್ಲಿ ಕೇಳಿದ ಧ್ವನಿಯೇ ಆದುದರಿಂದಲೋ ಏನೋ, ಎತ್ತಿಕೊಂಡೊಡನೆ ಅಳದೆ ಮುಖವನ್ನು ದಿಟ್ಟಿಸಿತು. ತಾಯಿಯವರು ಕಾಲುಗಳನ್ನು ನೀಡಿ ಕುಳಿತು, ಅವುಗಳ ಮೇಲೆ ಮಗುವನ್ನು ಮಲಗಿಸಿಕೊಂಡು ಎಣ್ಣೆ ಹಚ್ಚಿ ನೀರೆರೆದರು. ಮಣಿಕಟ್ಟಿನ ನೋವು ಪೂರ್ತಿ ಮಾಯ್ದಿರಲಿಲ್ಲ. ನೀರು ಹೊಯ್ಯುವ ಕೆಲಸವನ್ನು ಅಳಿಯನಿಗೆ ಹಚ್ಚಿದರು. ಮೂರು ತಿಂಗಳಿಗೆ ಬರೆಯಿಸಿಕೊಂಡ ಅಪ್ಪಣೆಯು ಮುಗಿದಾಗ ಮರಳಬೇಕಾಯಿತು. ಹೊರಡುವ ಮುನ್ನ ಅಂಟಿನ ಉಂಡೆಗಳ ಒಂದು ಡಬ್ಬಿಯನ್ನು ಅಕ್ಕನಿಗೆ ಮುಟ್ಟಿಸಬೇಕೆಂದು ನಮ್ಮ ಕೈಗೆ ಕೊಟ್ಟುಹೋದರು.

ಈ ಅನುಭವದಿಂದ ನಮಗೆ ತೋರಿದುದನ್ನು ಹೇಳಿ ಮುಗಿಸುವೆವು. ಬಾಣಂತನವು ಪ್ರೀತಿಯಿಂದ ನಡೆಯುವ ಕೆಲಸವೆಂಬುದು ನಿಜ; ಆದರೆ ಅದು ವಿದ್ಯೆಯೂ ಹೌದು. ಪ್ರೀತಿಯಿದ್ದ ನಮಗೆ ಮಗುವಿನ ಕಾಮಾಲೆಯು ಕಾಣಲಿಲ್ಲ; ಕಲಿತ ಕಣ್ಣಿಗೆ ಕಂಡಿತು. ನಮ್ಮ ದೇಶದಲ್ಲಿಯೂ 2011ರಿಂದ ಆಶಾ ಕಾರ್ಯಕರ್ತೆಯರು ಹೆರಿಗೆಯಾದ ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು ಮತ್ತು ನಲವತ್ತೆರಡನೆಯ ದಿನಗಳಲ್ಲಿ ಮನೆಮನೆಗೆ ಹೋಗಿ ಶಿಶುವನ್ನು ತೂಗಿ ನೋಡುವ ಏರ್ಪಾಡಾಗಿದೆ. ಗಡಚಿರೋಲಿಯಲ್ಲಿ ಅಭಯ ಬಂಗ್ ಮತ್ತು ರಾಣಿ ಬಂಗ್ ದಂಪತಿಗಳು ಹಳ್ಳಿಯ ಹೆಂಗಸರಿಗೇ ಈ ವಿದ್ಯೆಯನ್ನು ಕಲಿಸಿ ಶಿಶುಮರಣವನ್ನು ಇಳಿಸಿ ತೋರಿಸಿದುದೇ ಇದಕ್ಕೆ ದಾರಿಯಾಯಿತು. ಕೈಚೀಲವನ್ನು ಹೆಗಲಿಗೆ ಹಾಕಿಕೊಂಡು ಬಿಸಿಲಿನಲ್ಲಿ ನಡೆದು ಬರುವ ಆಕೆಯನ್ನು ಹೊಸ್ತಿಲಲ್ಲಿಯೇ ನಿಲ್ಲಿಸಿ ಮಾತನಾಡಿಸಿ ಕಳುಹಿಸುವವರುಂಟು. ಹಾಗೆ ಮಾಡದೆ, ಒಳಗೆ ಕರೆದು, ಕುಳ್ಳಿರಿಸಿ, ನೀರು ಕೊಟ್ಟು, ಮಗುವನ್ನು ಆಕೆಯ ಕೈಗೆ ಕೊಡಿರಿ. ಆಕೆಯ ಪ್ರಶ್ನೆಗಳಿಗೆ ನಿಜವಾದ ಉತ್ತರವನ್ನು ಹೇಳಿರಿ. ಮನೆಯ ಅಜ್ಜಿಯನ್ನೂ ಜೊತೆಗೆ ಕುಳ್ಳಿರಿಸಿಕೊಳ್ಳಿರಿ. ಒಬ್ಬರಿಗೆ ಕಾಣದುದು ಇನ್ನೊಬ್ಬರಿಗೆ ಕಂಡೀತು.

ನಮ್ಮ ಶಾಲೆಯ ಮಕ್ಕಳಲ್ಲಿ ಕೆಲವರಾದರೂ ದಾದಿಯರಾಗಿ, ಸೂಲಗಿತ್ತಿಯರಾಗಿ ಈ ವಿದ್ಯೆಯನ್ನು ಕಲಿಯಲೆಂದು ನಮ್ಮ ಹಾರೈಕೆ. ಯಾವ ದೇಶಕ್ಕೆ ಹೋದರೂ, ಯಾವ ಮನೆಯ ಬಾಗಿಲನ್ನು ತಟ್ಟಿದರೂ, ಒಳಗಿರುವ ಬಾಣಂತಿಗೆ ಅವರು ಅಕ್ಕಂದಿರಾಗುವರು.